ಜಾಲರಿಗೆ ಸಿಗಿಸಿದ ಊದಿನಕಡ್ಡಿ

ಅವರು ತೀರಿಕೊಂಡ ಸುದ್ದಿ ನಮ್ಮ ಶಾಲೆಯ ಮೊಬೈಲ್ ಗ್ರೂಪಿಗೆ ಬಂದದ್ದು ಬೆಳಿಗ್ಗೆ, ಮಕ್ಕಳು ಪ್ರಾರ್ಥನೆಗೆ ಸಾಲು ನಿಲ್ಲುವ ಹೊತ್ತಿಗೆ. ಕಪ್ಪು ಅಂಚು, ಎರಡೂ ಮೂಲೆಗೆ ಉರಿಯುವ ದೀಪ, ನಡುವೆ ಅವರ ಮುಖ. ಕೆಳಗೆ ದಪ್ಪ ಮರಾಠಿ ಅಕ್ಷರಗಳಲ್ಲಿ, ‘ನಮ್ಮ ಶಾಲೆಯ ಮಾಜಿ ಸಂಗಣಕ ಶಿಕ್ಷಕರಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಬರೆದಿತ್ತು. ಸಂಗಣಕ ಅಂದರೆ ಕಂಪ್ಯೂಟರು. ಆ ಮನುಷ್ಯ ಹದಿನಾಲ್ಕು ವರ್ಷ ಕಾದದ್ದು ಈ ಎರಡು ಶಬ್ದಕ್ಕೆ, ಸಂಗಣಕ ಶಿಕ್ಷಕ. ಇದ್ದಾಗ ಒಂದು ಚೀಟಿಯ ಮೇಲೂ ಬರೆದುಕೊಡದವರು ಸತ್ತ ಮರುದಿನ ಬಣ್ಣ ಹಾಕಿ ಬರೆದಿದ್ದರು.

ಫೋಟೋ ಎಲ್ಲಿಯದೆಂದು ನನಗೆ ಗೊತ್ತಿತ್ತು. ಯಾವುದೋ ವರ್ಷ ಶಾಲೆಯ ಅಂಗಳದಲ್ಲಿ ಎಲ್ಲರೂ ಸೇರಿ ತೆಗೆಸಿಕೊಂಡದ್ದರಿಂದ ಕತ್ತರಿಸಿದ್ದು. ಅದರಲ್ಲಿ ಶಿಕ್ಷಕರೆಲ್ಲ ಕುರ್ಚಿಯ ಮೇಲಿದ್ದರು, ಅವರು ಹಿಂದಿನ ಸಾಲಿನ ತುದಿಗೆ ಜವಾನನ ಪಕ್ಕ ನಿಂತಿದ್ದರು. ಎಷ್ಟು ಕತ್ತರಿಸಿದರೂ ಜವಾನನ ಖಾಕಿ ಹೆಗಲು ಒಂದಿಷ್ಟು ಉಳಿದೇ ಇತ್ತು. ಮೊದಲು ಕೈಮುಗಿದ ಚಿತ್ರ ಹಾಕಿದವರು ಹೆಡ್ ಸರ್. ಆಮೇಲೆ ಒಬ್ಬರ ಹಿಂದೆ ಒಬ್ಬರು, ಕುರಿಯ ಹಿಂದೆ ಕುರಿ. ಮೂವತ್ತೊಂದನೆಯದು ನನ್ನದು. ಹಾಕಿದ ಮೇಲೆ ಎಣಿಸಿ ನೋಡಿದೆ, ಅದಕ್ಕೇ ಗೊತ್ತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬೇಕಾದ ಹೊತ್ತಿಗೆ ಬರೆಯದ ಕೈ ಇದು. ಈಗ ಬರೆದು ಪುಣ್ಯ ಕಟ್ಟಿಕೊಳ್ಳುವುದು ಬೇಡ. ನಾನು ಗಡಿಯಾಚೆಯ ನಿಲಂಗಾದ ಒಂದು ಹೈಸ್ಕೂಲಿನ ಕಚೇರಿಯಲ್ಲಿ ಗುಮಾಸ್ತೆ. ತವರು ಬಸವಕಲ್ಯಾಣದ ಕಡೆ, ಮದುವೆಯಾಗಿ ಬಂದ ಮೇಲೆ ಮರಾಠಿ ಕಲಿತವಳು. ಕಾಗದ, ಲೆಕ್ಕ, ಬೈಗುಳ ಎಲ್ಲವೂ ಮರಾಠಿಯಲ್ಲೇ ನಡೆಯುವ ಆ ಕಚೇರಿಯಲ್ಲಿ ಕನ್ನಡ ಆಡುವವರು ನಾವಿಬ್ಬರೇ. ಅವರು ವಲಾಂಡಿಯ ಒಕ್ಕಲು ಮನೆತನದವರು, ತಲೆತಲಾಂತರದಿಂದ ಶಿವಭಕ್ತರು. ನಸುಕಿನಲ್ಲೆದ್ದು ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು ಮೊದಲ ಬಸ್ಸಿಗೆ ಬರುತ್ತಿದ್ದರು. ನಾಲ್ಕು ಜನರೆದುರು ನಾನು ಅವರಿಗೆ ಮ್ಯಾಡಂ. ಇಬ್ಬರೇ ಇದ್ದಾಗ ‘ಅಕ್ಕಾರ’. ನಮ್ಮ ಕಡೆ ಶಾಲೆಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳನ್ನು ಮರ್ಯಾದೆಯಿಂದ ಹಾಗೆ ಕರೆಯುತ್ತಾರೆ. ನಾನು ಅವರನ್ನು ಸರ್ ಅನ್ನುತ್ತಿದ್ದೆ. ಉಳಿದವರಿಗೆ ಅವರು ‘ಲ್ಯಾಬವಾಲೆ’. ಆ ಕಟ್ಟಡದ ದೊಡ್ಡವರ ಪೈಕಿ ಸರ್ ಎಂದವಳು ನಾನೊಬ್ಬಳೇ, ಅದನ್ನು ನಾನು ಮಾಡಿದ ದೊಡ್ಡ ಉಪಕಾರವೆಂದು ಬಹಳ ದಿನ ತಿಳಿದುಕೊಂಡಿದ್ದೆ.

ಕಾಗದದ ಮೇಲೆ ಅವರು ತಾತ್ಕಾಲಿಕ ಲ್ಯಾಬ್ ಸಹಾಯಕರು. ಕೆಲಸ ನೋಡಿದರೆ ಐದನೆಯಿಂದ ಹತ್ತನೆಯ ತರಗತಿಯವರೆಗೆ ಕಂಪ್ಯೂಟರ್ ಪಾಠ ಹೇಳುವವರು. ಲ್ಯಾಬಿನ ಹನ್ನೊಂದು ಮುದಿ ಯಂತ್ರಗಳನ್ನೂ ನನ್ನ ಮೇಜಿನ ಹನ್ನೆರಡನೆಯದನ್ನೂ ಉಸಿರಾಡಿಸುತ್ತ ಇಟ್ಟವರು. ಹಳೆಯ ಕಂಪ್ಯೂಟರಿನ ಕಾಯಿಲೆ ಬಹುತೇಕ ಒಂದೇ. ಒಳಗೆ ತಂಪು ಮಾಡಲಿಕ್ಕೆ ಅಂಗೈ ಅಗಲದ ಫ್ಯಾನು ಇರುತ್ತದೆ, ವಯಸ್ಸಾದಂತೆ ಅದು ಗೊರ್ ಅನ್ನತೊಡಗುತ್ತದೆ. ನಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮದ್ದೆಂದರೆ ಡಬ್ಬಿಯ ಬೆನ್ನಿಗೆ ಅಂಗೈಯಿಂದ ಒಂದು ಏಟು. ಏಟು ಬಿದ್ದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಿತ್ತು. ಆ ಏಟಿನ ಸದ್ದು ಕೇಳಿದರೆ ಸಾಕು, ಅವರು ಪಾಠ ಬಿಟ್ಟು ಬರುತ್ತಿದ್ದರು.

“ನಾಯಿ ಬೊಗಳ್ಲಾಕತ್ತದ ಅಂದ್ರ ಕಳ್ಳ ಬಂದಾನ ಅಂತ ತಿಳೀರಿ. ನಾಯಿಗಿ ಹೊಡದ್ರ ಕಳ್ಳ ಹೋಗ್ತಾನೇನ್ರಿ?”

ಶಿಕ್ಷಕರಿಗೆ ಇದನ್ನು ಮರಾಠಿಯಲ್ಲಿ ಹೇಳುತ್ತಿದ್ದರು, ನನಗೆ ಕನ್ನಡದಲ್ಲಿ. ಎರಡೂ ಭಾಷೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರ ಜೇಬಿನಲ್ಲಿ ಪೆನ್ನಿನ ಬದಲು ಒಂದು ಪೆನ್ಸಿಲ್ ಇರುತ್ತಿತ್ತು, ತುದಿಗೆ ರಬ್ಬರ್ ಇದ್ದದ್ದು. ಅದರ ಒಂದು ತುದಿಯನ್ನು ಡಬ್ಬಿಗೆ ಒತ್ತಿ, ಇನ್ನೊಂದನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಯಾವ ಫ್ಯಾನಿನ ಗೊಣಗಾಟ, ಕರೆಂಟಿನ ಪೆಟ್ಟಿಗೆಯದೋ ಒಳಗಿನದೋ ಎಂದು ಹಾಗೇ ಹೇಳುತ್ತಿದ್ದರು. ಆಮೇಲೆ ಬಿಚ್ಚಿ, ತಿರುಗುವ ಫ್ಯಾನಿನ ನಡುಮಧ್ಯಕ್ಕೆ ರಬ್ಬರಿನ ತುದಿಯನ್ನು ಮೆಲ್ಲಗೆ ತಾಗಿಸಿದರೆ ಸದ್ದು ನಿಲ್ಲುತ್ತಿತ್ತು, ಕಳ್ಳ ಸಿಕ್ಕಿದಂತೆ. ಕುಂಚದಿಂದ ಧೂಳು ತೆಗೆಯುವಾಗ ಒಂದು ಬೆರಳಿನಿಂದ ಎಲೆಗಳನ್ನು ಹಿಡಿದಿರುತ್ತಿದ್ದರು. “ಗಾಳಿ ಊದುವಾಗ ಸುಮ್ಸುಮ್ನ ತಿರುಗಾಕ ಬಿಡಬಾರದ್ರಿ, ಸೊಂಟ ಮುರಕೋತದ” ಎನ್ನುವರು. ಫ್ಯಾನಿನ ನಡುವಿನ ದುಂಡು ಕಾಗದವನ್ನು ಉಗುರಿನಿಂದ ಎಬ್ಬಿಸಿ, ಇಂಜೆಕ್ಷನ್ ಸೂಜಿಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಡುತ್ತಿದ್ದರು. ಇನ್ನೊಂದು ಹನಿ ಬಿಟ್ಟರೇನಾಗುತ್ತದೆ ಎಂದು ಒಮ್ಮೆ ಕೇಳಿದ್ದೆ.

“ಎಣ್ಣಿ ಅಂದ್ರ ಉಪ್ಪಿದ್ದಂಗ ಅಕ್ಕಾರ. ಕಮ್ಮಿ ಆದ್ರ ನಡೀತದ, ಹೆಚ್ಚಾದ್ರ ಉಣ್ಣಾಕ ಬರಲ್ಲ.”

ಎಣ್ಣೆಗೆ ಬಗ್ಗದ ಫ್ಯಾನಿಗೆ ಬದಲಿ ತರಲು ರವಿವಾರ ಉದಗೀರಕ್ಕೆ ಹೋಗುತ್ತಿದ್ದರು. ಅಲ್ಲಿಯ ಗುಜರಿ ಅಂಗಡಿಯವನು ಒಡೆದ ಕಂಪ್ಯೂಟರುಗಳಿಂದ ಕಿತ್ತ ಫ್ಯಾನುಗಳನ್ನು ಇವರಿಗೆಂದೇ ಒಂದು ಗೋಣಿಚೀಲದಲ್ಲಿ ತೆಗೆದಿಡುತ್ತಿದ್ದ. ಇವರು ನೆಲಕ್ಕೆ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಿರುಗಿಸಿ ಆರಿಸುವರಂತೆ, ಕಲ್ಲಂಗಡಿ ತಟ್ಟಿ ನೋಡಿದ ಹಾಗೆ. ಒಮ್ಮೆ ಅವರು ರಜೆಯಲ್ಲಿದ್ದಾಗ ನಮ್ಮ ವಿಜ್ಞಾನದ ಮಾಸ್ತರರು ತಾವೇ ಒಂದು ಫ್ಯಾನಿಗೆ ಕೊಬ್ಬರಿ ಎಣ್ಣೆ ಬಿಟ್ಟರು. ಮೂರು ದಿನ ಸದ್ದಿಲ್ಲ, ಮಾಸ್ತರರ ಓಡಾಟವೇ ಓಡಾಟ. ಚಳಿ ಬಿದ್ದ ನಾಲ್ಕನೆಯ ದಿನ ಎಣ್ಣೆ ಹೆಪ್ಪುಗಟ್ಟಿ ಫ್ಯಾನು ಅಲ್ಲಾಡಲಿಲ್ಲ. ಅವರು ಬಂದು, ಇಡೀ ಹತ್ತನೆಯ ತರಗತಿಯ ಎದುರಿಗೆ, “ತಲಿಗಿ ಹಚ್ಚೋದು ತಲಿಗೇ ಹಚ್ಚಬೇಕು ಸರ್” ಎಂದುಬಿಟ್ಟರು, ಅದೂ ಮರಾಠಿಯಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ. ಮಾಸ್ತರರ ತಲೆಯಲ್ಲಿ ಕೂದಲು ಇರಲಿಲ್ಲ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ರೂಢಿ ನನಗೆ ಬೇಡ. ಅವರದು ಕೆಟ್ಟ ಬಾಯಲ್ಲ, ಆದರೆ ಹೊತ್ತುಗೊತ್ತು ಇಲ್ಲದ ಬಾಯಿ. ಮೇಲಿನ ಕಚೇರಿಯಿಂದ ತಪಾಸಣೆಗೆ ಬಂದವರಿಗೆ ಹೆಡ್ ಸರ್, ಹನ್ನೆರಡೂ ಯಂತ್ರ ಚೆನ್ನಾಗಿವೆ ಎಂದು ತೋರಿಸುತ್ತಿದ್ದರೆ, ಇವರು ಹಿಂದಿನಿಂದ, “ಹನ್ನೊಂದು. ಒಂದು ನಡೀತದ, ಆದ್ರ ನಡಸಬಾರದು” ಎಂದರು. ತಪಾಸಣೆಯವರು ನಕ್ಕರು. ಹೆಡ್ ಸರ್ ನಗಲಿಲ್ಲ. ನಯವಾಗಿ ಹೇಳಿದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ನಯ ಅಂದರೆ ಅವರ ಮಟ್ಟಿಗೆ ಸುಳ್ಳಿನ ಇನ್ನೊಂದು ಹೆಸರು. ಅದಕ್ಕೇ ನನ್ನಂಥವಳು ಮುಂದೆ ಬಂದೆ, ಅವರು ಹಿಂದಿನ ಸಾಲಿನ ತುದಿಯಲ್ಲೇ ಉಳಿದರು.

ಆಸೆ ಇಲ್ಲದ ವಿರಾಗಿಯೇನೂ ಅಲ್ಲ. ಕಾಯಂ ಆಗಬೇಕು, ಕಾಗದದ ಮೇಲೆ ಶಿಕ್ಷಕ ಎಂದು ಬರಬೇಕು ಎಂಬ ಒಂದು ಆಸೆ ಅವರನ್ನು ಹದಿನಾಲ್ಕು ವರ್ಷ ಮೊದಲ ಬಸ್ಸಿಗೆ ಎಬ್ಬಿಸಿತ್ತು. ಮಧ್ಯಾಹ್ನ ಕಚೇರಿಯಲ್ಲಿ ಡಬ್ಬಿ ಬಿಚ್ಚಿ, ಕಡಕ್ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ನನ್ನ ಕಡೆಗೂ ಒಂದು ಸರಿಸಿ ಆ ಮಾತು ಎತ್ತುತ್ತಿದ್ದರು.

“ಮಗಳ ಸಾಲಿ ಫಾರ್ಮಿನಾಗ ಅಪ್ಪನ ಕೆಲಸ ಏನಂತ ಕೇಳ್ತಾರ ನೋಡ್ರಿ. ಆಕಿಗಿ ಹೇಳೀನಿ, ಆ ಜಾಗಾ ಖಾಲಿ ಬಿಡು, ಆರ್ಡರ್ ಬಂದ ಮ್ಯಾಲ ನಾನೇ ಬರೀತೀನಿ ಅಂತ.”

“ಸಹಾಯಕ ಅಂತ ಬರದ್ರ ಏನಾಗ್ತದ ಸರ್?”

“ಪಾಠ ಹೇಳಾಂವ ನಾ. ಸಹಾಯಕ ಅಂತ ಯಾಕ ಬರೀಲಿ?”

ಹದಿನಾಲ್ಕನೆಯ ವರ್ಷ ಶಾಲೆ ನಡೆಸುವ ಸಂಸ್ಥೆಯವರು ಕಾಯಂ ಮಾಡುವವರ ಪಟ್ಟಿ ತಯಾರಿಸಿದರು. ಅವರ ಹೆಸರೂ ಇತ್ತು. ಹೆಡ್ ಸರ್ ಶಿಫಾರಸು ಬರೆಯಬೇಕಿತ್ತು, ಅಷ್ಟೇ ಬಾಕಿ. ಅದೇ ಪಟ್ಟಿಯ ಜೊತೆಗೆ ನನ್ನ ಬಡ್ತಿಯ ಕಾಗದವೂ ಅದೇ ಸಹಿಗೆ ಕಾದಿತ್ತು, ಹಿರಿಯ ಗುಮಾಸ್ತೆಯ ಜಾಗಕ್ಕೆ.

ನಮ್ಮಲ್ಲಿ ಖಂಡೇನವಮಿಗೆ, ಅಂದರೆ ಆಯುಧಪೂಜೆಯ ದಿನ, ಶಾಲೆಯ ಕಂಪ್ಯೂಟರಿಗೂ ಪೂಜೆ. ರೈತ ಕುಡ, ಕುಂಟೆಗೆ ಮಾಡಿದ ಹಾಗೆ. ಪರದೆಗೆ ಕುಂಕುಮ, ಡಬ್ಬಿಗೆ ವಿಭೂತಿ ಪಟ್ಟಿ, ಚೆಂಡುಹೂವಿನ ಮಾಲೆ. ಪೂಜೆಯ ಹೊತ್ತಿಗೆ ಯಂತ್ರ ಚಾಲೂ ಇರಲೇಬೇಕು, ಬಂದ್ ಇದ್ದ ಯಂತ್ರಕ್ಕೆ ಪೂಜೆ ಮಾಡಿದರೆ ಫಲವಿಲ್ಲ ಎಂಬುದು ಹೆಡ್ ಸರ್ ಅವರ ಶಾಸ್ತ್ರ. ಅರಿಸಿನ ಕುಂಕುಮದ ಕೆಲಸ ಹೆಣ್ಣುಮಕ್ಕಳದ್ದಾದ್ದರಿಂದ ಪ್ರತಿವರ್ಷ ಮಾಡುತ್ತಿದ್ದವಳು ನಾನು. ಡಬ್ಬಿಯ ಹಿಂದೆ ಕರೆಂಟಿನ ಪೆಟ್ಟಿಗೆಯ ಫ್ಯಾನಿಗೆ ಒಂದು ಜಾಲರಿ ಇರುತ್ತದೆ, ಸಣ್ಣ ಸಣ್ಣ ತೂತು. ಊದಿನಕಡ್ಡಿ ಸಿಗಿಸಲಿಕ್ಕೆ ಅದಕ್ಕಿಂತ ಅನುಕೂಲದ ಜಾಗ ಯಾವುದು? ವರ್ಷ ವರ್ಷವೂ ಅಲ್ಲೇ ಐದು ಕಡ್ಡಿ ಸಿಗಿಸುತ್ತಿದ್ದೆ. ಬೂದಿ ಒಳಗೇ ಉದುರುತ್ತಿತ್ತು, ಉದುರಿದ ಕುಂಕುಮವನ್ನು ತಿರುಗುವ ಫ್ಯಾನು ಎದುರಿನ ಸಂದುಗಳಿಂದ ಎಳೆದುಕೊಳ್ಳುತ್ತಿತ್ತು. ಆ ವರ್ಷವೂ ಸಿಗಿಸಿದೆ. ಅವರು ಬಾಗಿಲಲ್ಲಿ ನಿಂತಿದ್ದವರು ಹತ್ತಿರ ಬಂದು ಮೆಲ್ಲಗೆ ಅಂದರು.

“ಅಕ್ಕಾರ, ಪೂಜಾ ಬ್ಯಾಡ ಅನ್ನಲ್ಲ. ಬಂದ್ ಮಾಡಿ ಮಾಡ್ರಿ. ಊದಿನಕಡ್ಡಿ ಅಲ್ಲಿ ಸಿಗಿಸಬ್ಯಾಡ್ರಿ, ಅದು ಅದರ ಮೂಗು. ಈಬತ್ತಿ ಹಣಿಗಿ, ಮಷೀನಿಗಲ್ಲ.”

ಹೆಡ್ ಸರ್ ಆರತಿ ತಟ್ಟೆ ಹಿಡಿದುಕೊಂಡೇ, ಏನಂತೆ, ಎಂದು ನನ್ನನ್ನು ಕೇಳಿದರು. ನಾನು ಮರಾಠಿಗೆ ತಿರುಗಿಸಿದೆ. ‘ಪೂಜೆ ಬೇಡ ಅನ್ನಲ್ಲ’ ಎಂಬ ಮೊದಲ ಮಾತು ಹೇಗೋ ಬಿಟ್ಟುಹೋಯಿತು. ಬಿಟ್ಟುಹೋಯಿತು ಎಂದು ಬರೆಯುತ್ತಿದ್ದೇನೆ, ನಾನು ಬಿಟ್ಟೆ ಎಂದು ಓದಿಕೊಳ್ಳಿ. ಅವಸರದಲ್ಲಿದ್ದೆ, ಕೈಯಲ್ಲಿ ಕಡ್ಡಿ ಉರಿಯುತ್ತಿತ್ತು, ತಪ್ಪು ತೋರಿಸಿದ್ದಕ್ಕೆ ಸಿಟ್ಟೂ ಬಂದಿತ್ತು.

“ಹಾ ಆತಾ ದೇವಾಲಾ ಶಿಕವಣಾರ ಕಾ?” ಎಂದರು ಹೆಡ್ ಸರ್. ಇವನೀಗ ದೇವರಿಗೂ ಪಾಠ ಹೇಳುತ್ತಾನೇನು ಎಂದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಕೋಣೆಯಲ್ಲಿ ಬೆಳಗಾಗೆದ್ದು ಲಿಂಗ ಮುಟ್ಟಿ ಪೂಜೆ ಮಾಡಿ ಬಂದವರು ಅವರೊಬ್ಬರೇ ಇದ್ದಿರಬೇಕು.

ದಸರೆ ಕಳೆದು ಹದಿನೈದು ದಿನಕ್ಕೆ ನನ್ನ ಮೇಜಿನ ಯಂತ್ರ ಗೊರ್ ಎನ್ನತೊಡಗಿತು. ಅದರಲ್ಲಿ ಶಾಲೆ ಹುಟ್ಟಿದಂದಿನಿಂದ ಸೇರಿದ ಮಕ್ಕಳ ಹೆಸರು, ಹುಟ್ಟಿದ ದಿನ, ಬಿಟ್ಟುಹೋದ ದಿನ ಎಲ್ಲ ಇದ್ದವು. ಗೆದ್ದಲು ಹಿಡಿದ ದಪ್ಪ ಪುಸ್ತಕಗಳಿಂದ ನಾನೇ ವರ್ಷಗಟ್ಟಲೆ ಕೂತು ಅದರಲ್ಲಿ ಹೊಡೆದು ಹಾಕಿದ್ದೆ. ಅವರು ಪೆನ್ಸಿಲ್ ಹಚ್ಚಿ ಕೇಳಿದರು.

“ಹಿಂದಿನ ಫ್ಯಾನು. ಎಣ್ಣಿ ಆರ್ಯಾದ, ಮ್ಯಾಲ ಕುಂಕುಮ, ಬೂದಿ ಮೆತ್ಯಾದ. ಬಿಚ್ಚಿ ತೆಗೀಬೇಕು. ಇಲ್ಲಾಂದ್ರ ಒಳಗಿನ ಕಾವು ಹೊರಗ ಹೋಗಲ್ಲ.”

ಬಿಚ್ಚುವುದು ಹೇಗೆ? ಎರಡು ವರ್ಷದ ಹಿಂದೆ ಲ್ಯಾಬಿನ ಡಬ್ಬಿಗಳಿಂದ ಯಾರೋ ಬಿಡಿಭಾಗ ಕದ್ದಿದ್ದರು. ಅಂದಿನಿಂದ ಹೆಡ್ ಸರ್ ಹನ್ನೆರಡೂ ಡಬ್ಬಿಗೆ ಕಾಗದದ ಪಟ್ಟಿ ಅಂಟಿಸಿ, ಮೇಲೆ ದುಂಡು ಸಿಕ್ಕಾ ಒತ್ತಿ ಸಹಿ ಹಾಕಿದ್ದರು. ಬರೆದುಕೊಟ್ಟ ಪರವಾನಗಿ ಇಲ್ಲದೆ ಅದನ್ನು ಹರಿಯುವಂತಿಲ್ಲ. ಅವರು ಅರ್ಜಿ ಬರೆದು ನನ್ನ ಕೈಗೆ ಕೊಟ್ಟರು. ಡಬ್ಬಿ ಬಿಚ್ಚಲು ಪರವಾನಗಿ ಬೇಕು. ಒಳಗಿನ ದಾಖಲೆಗಳ ಒಂದು ಪ್ರತಿ ಬೇರೆ ಕಡೆ ತೆಗೆದಿಡಬೇಕು. ಪೂಜೆಯಲ್ಲಿ ಯಂತ್ರ ಚಾಲೂ ಇದ್ದುದರಿಂದ ಕುಂಕುಮ, ಊದಿನಕಡ್ಡಿಯ ಬೂದಿ ಒಳಗೆ ಹೋಗಿದೆ, ಇನ್ನು ಮುಂದೆ ಹಾಗೆ ಮಾಡಬಾರದು. ಮೂರೇ ಮಾತು, ಮೂರೂ ನಿಜ.

ಹೆಡ್ ಸರ್ ಮೂರನೆಯ ಮಾತು ಓದಿ ಕಾಗದವನ್ನು ನನ್ನ ಕಡೆ ತಳ್ಳಿದರು. “ಹ್ಯಾಲಾ ಆವಕ ನಂಬರ ದೇಊ ನಕಾ” ಅಂದರು, ಇದಕ್ಕೆ ಆವಕ ನಂಬರು ಕೊಡಬೇಡಿ ಎಂದು. ಕಚೇರಿಗೆ ಬಂದ ಪ್ರತಿ ಕಾಗದವನ್ನೂ ಆವಕ ರಜಿಸ್ಟರಿನಲ್ಲಿ ಬರೆದು ನಂಬರು ಕೊಡುವುದು ನನ್ನ ಕೆಲಸ. ನಂಬರು ಬೀಳದ ಕಾಗದ ಬಂದೇ ಇಲ್ಲವೆಂದು ಲೆಕ್ಕ. ನಾನು ಅದನ್ನು ಕಪಾಟಿನಲ್ಲಿ ಹಳೆಯ ಫೈಲುಗಳ ಕೆಳಗಿಟ್ಟೆ. ಅವರು ಕೇಳಿದರೆ, “ಸಾಹೇಬ್ರ ಮುಂದ ಇಟ್ಟೀನಿ ಸರ್” ಎಂದೆ.

ಸಂಕ್ರಾಂತಿ ಮುಗಿದ ಮೇಲೆ ಎರಡನೆಯ ಅರ್ಜಿ ತಂದರು. ಆ ಕುಂಕುಮದ ಮಾತು ಬಿಟ್ಟು ಬರೀರಿ, ಸಹಿ ಆಗ್ತದ ಎಂದೆ.

“ಬಿಟ್ರ ಫ್ಯಾನು ಯಾಕ ಕೆಟ್ತು ಅಂತ ಬರೀಲ್ರಿ ಅಕ್ಕಾರ?”

“ಹಂಗಾದ್ರ ಸುಮ್ನ ಪಟ್ಟಿ ಹರದು ಎಣ್ಣಿ ಬಿಟ್ಟುಬಿಡ್ರಿ. ನಾ ಯಾರಿಗಿ ಹೇಳಲ್ಲ.”

“ಸಾಹೇಬ್ರ ಸಹಿ ಹರದ್ರ ನಾ ಕಳ್ಳ ಆಗ್ತೀನ್ರಿ. ಅದೂ ಕಾಯಂ ಆಗೋ ಹೊತ್ತಿನಾಗ.”

ಬಿಸಿಲು ಏರತೊಡಗಿದಾಗ ಮೂರನೆಯದು ಬಂತು. ಅದೂ ಕಪಾಟಿಗೆ ಹೋಯಿತು. ಫ್ಯಾನು ದಿನದಿನಕ್ಕೆ ಜೋರಾಗಿ ಗೊರಗುಡುತ್ತಿತ್ತು, ನಾನು ದಿನಕ್ಕೆ ಹತ್ತು ಸಲ ಅಂಗೈಯಿಂದ ಹೊಡೆಯುತ್ತಿದ್ದೆ.

ಹತ್ತನೆಯ ಫಲಿತಾಂಶ ಬಂದು, ದಾಖಲೆ ಬೇಕೆಂದು ಮಕ್ಕಳು, ತಂದೆತಾಯಿ ಕಚೇರಿಯ ಮುಂದೆ ಸಾಲುಗಟ್ಟಿದ ವಾರ. ಅವರು ಎ‌ರಡು ದಿನ ತರಬೇತಿಗೆಂದು ಉದಗೀರಕ್ಕೆ ಹೋಗಿದ್ದರು. ಎರಡನೆಯ ದಿನ ಸಂಜೆ ಸದ್ದು ತಾನಾಗಿ ನಿಂತಿತು. ಹೆಡ್ ಸರ್ ಕೋಣೆಯಿಂದಲೇ, ನೋಡಿ, ತಾನೇ ಸರಿಯಾಯಿತು, ಅವನದೇನು ಮಹಾ ವಿದ್ಯೆ ಎಂದರು. ನನಗೂ ಹಾಯೆನಿಸಿತ್ತು. ಮರುದಿನ ಬೆಳಿಗ್ಗೆ ಯಂತ್ರ ಚಾಲೂ ಮಾಡಿ ಕೆಲಸಕ್ಕೆ ಕೂತೆ. ಅರ್ಧ ಗಂಟೆಗೆ ಅವರು ಬಸ್ಸಿನಿಂದಿಳಿದು ಕಚೇರಿಯ ಬಾಗಿಲಿಗೆ ಬಂದವರು ಹೊಸ್ತಿಲಲ್ಲೇ ನಿಂತರು.

“ಸಪ್ಪಳ ಯಾಕ ಬರ್ವಲ್ದು? ಬಂದ್ ಮಾಡ್ರಿ ಅಕ್ಕಾರ. ಮೊದಲ ಬಂದ್ ಮಾಡ್ರಿ.”

ನಾನು ಯಾಕೆಂದು ಕೇಳುತ್ತ ಕೂತೆ. ಅಷ್ಟರಲ್ಲಿ ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ಕರೆಂಟಿನ ಪೆಟ್ಟಿಗೆ ಸುಟ್ಟದ್ದು ಒಳಗಿನ ದಾಖಲೆಗಳನ್ನೂ ಕರೆದುಕೊಂಡೇ ಹೋಯಿತು. ಪ್ರತಿ ಎಲ್ಲೂ ಇರಲಿಲ್ಲ, ಹಳೆಯ ಪುಸ್ತಕಗಳು ಗೆದ್ದಲಿಗೆ ಹೋಗಿದ್ದವು. ಸಾಲಿನಲ್ಲಿ ನಿಂತ ಮಕ್ಕಳು ಬರಿಗೈಯಲ್ಲಿ ಹೋದರು, ಊರಲ್ಲಿ ಗದ್ದಲವಾಯಿತು.

ಸಂಸ್ಥೆಯ ಮೂವರು ಹಿರಿಯರು ವಿಚಾರಣೆಗೆ ಬಂದರು. ಹೆಡ್ ಸರ್ ಕೋಣೆಯಲ್ಲಿ ಹಿರಿಯರೆಲ್ಲ ಕೂತು ಚಹಾ ಕುಡಿಯುತ್ತಿದ್ದರು, ನಮ್ಮ ಲ್ಯಾಬಿನ ಸರ್ ನಿಂತಿದ್ದರು. ಯಂತ್ರ ಕೆಟ್ಟದ್ದು ಗೊತ್ತಿದ್ದೂ ಯಾಕೆ ತಿಳಿಸಲಿಲ್ಲ ಎಂದು ಕೇಳಿದರು. ಮೂರು ಸಲ ಬರೆದುಕೊಟ್ಟಿದ್ದೇನೆ, ಮ್ಯಾಡಂ ಕೈಗೇ ಕೊಟ್ಟಿದ್ದೇನೆ ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಹೆಡ್ ಸರ್ ನನ್ನ ಕಡೆ ನೋಡಲಿಲ್ಲ, ಮೇಜಿನಲ್ಲಿ ಕಾಗದಗಳ ಮೇಲಿಟ್ಟ ಗಾಜಿನ ಗುಂಡನ್ನು ಸ್ವಲ್ಪ ಸರಿಸಿ ಇಟ್ಟರು. ಅದರ ಕೆಳಗೆ ನನ್ನ ಬಡ್ತಿಯ ಕಾಗದವಿತ್ತು.

ನಾನು ಆವಕ ರಜಿಸ್ಟರು ತಂದೆ. ಇಲ್ಲವೆಂದು ಗೊತ್ತಿದ್ದೂ ಒಂದೊಂದೇ ಹಾಳೆ ತಿರುವಿ, ಬೆರಳಿಟ್ಟು ಸಾಲುಸಾಲು ಓದಿದೆ. ಆಮೇಲೆ ಮರಾಠಿಯಲ್ಲಿ, ಆವಕ ರಜಿಸ್ಟರಿನಲ್ಲಿ ನೋಂದಣಿ ಇಲ್ಲ ಎಂದೆ. ಅಕ್ಷರ ಅಕ್ಷರವೂ ನಿಜ. ಅರ್ಜಿಗಳು ಆ ಕೋಣೆಯ ಗೋಡೆಯಾಚೆ, ನನ್ನ ಕಪಾಟಿನಲ್ಲಿದ್ದವು, ಹತ್ತು ಹೆಜ್ಜೆಗೆ.

ಅವರು ಸಿಟ್ಟಾಗಲಿಲ್ಲ. ಕನ್ನಡದಲ್ಲಿ, ನನಗೊಬ್ಬಳಿಗೇ ತಿಳಿಯುವ ಹಾಗೆ ಒಂದು ಮಾತು ಅಂದರು.

“ಇರ್ಲಿ ಅಕ್ಕಾರ. ಹುಡುಕಬ್ಯಾಡ್ರಿ.”

ಹಿರಿಯರೊಬ್ಬರು ಏನಂತೆ ಎಂದು ಕೇಳಿದರು. ಮತ್ತೆ ನಾನೇ ತಿರುಗಿಸಿ ಹೇಳಬೇಕಾಯಿತು. ಬರೆದಿರಲಿಕ್ಕಿಲ್ಲ, ನೆನಪಿಲ್ಲ ಅನ್ನುತ್ತಾರೆ ಎಂದೆ. ಲ್ಯಾಬಿನ ಸರ್ ಅವರಿಗೆ ನನ್ನಷ್ಟೇ ಮರಾಠಿ ಬರುತ್ತಿತ್ತು. ಕೇಳಿಸಿಕೊಂಡರು, ತಿದ್ದಲಿಲ್ಲ.

ಪಟ್ಟಿಯಿಂದ ಹೆಸರು ಹೊಡೆದರು. ಮುಂದಿನ ತಿಂಗಳಿಂದ ಬರಬೇಡ ಎಂದರು. ಕೊನೆಯ ದಿನ ಲ್ಯಾಬಿನ ಕೀಲಿಕೈ, ಗುಜರಿ ಫ್ಯಾನುಗಳ ಗೋಣಿಚೀಲ ನನಗೆ ಒಪ್ಪಿಸಿ, ಮುಟ್ಟಿತೆಂದು ಸಹಿ ತೆಗೆದುಕೊಂಡರು. “ಏಳನೇ ನಂಬರಿಂದು ದೀಪಾವಳಿಗಿ ಬೊಗಳ್ತದ, ಈಗೇ ಒಂದು ಹನಿ ಬಿಡಸ್ರಿ” ಎಂದರು. ನಾನು ತಲೆಯಾಡಿಸಿದೆ. ಆ ತಿಂಗಳಲ್ಲೇ ನಾನು ಹಿರಿಯ ಗುಮಾಸ್ತೆಯಾದೆ, ಕಚೇರಿಯಲ್ಲಿ ಪೇಢೆ ಹಂಚಿದೆ.

ಆಮೇಲೆ ಅವರನ್ನು ನೋಡಿದ್ದು ಒಂದೇ ಸಲ. ಅವರ ಹೆಂಡತಿಯ ಅಣ್ಣನದು ತುರೋರಿಯಲ್ಲಿ ಹೈವೇ ಮೇಲೆ ಚಹಾದ ಅಂಗಡಿ. ಅದರ ಮಗ್ಗುಲಲ್ಲಿ ತಗಡು ಹೊದಿಸಿಕೊಂಡು ಮಿಕ್ಸರ್, ಟೇಬಲ್ ಫ್ಯಾನು, ಲಾರಿ ಡ್ರೈವರುಗಳ ಚಾರ್ಜರು ರಿಪೇರಿ ಮಾಡುತ್ತಿದ್ದರು. ಉಮರ್ಗಾದಲ್ಲಿ ಬಸ್ಸು ಬದಲಿಸಿ ತವರಿಗೆ ಹೊರಟಿದ್ದೆ. ಬಸ್ಸು ತುರೋರಿಯಲ್ಲಿ ನಿಂತಿತು. ನಾನು ಮುಖ ತಿರುಗಿಸಿ ಸೆರಗು ಎಳೆದುಕೊಂಡೆ. ಅವರು ಕಿಟಕಿಯ ಕೆಳಗೇ ಬಂದು ನಿಂತರು, ಕೈಗೆ ಮಸಿ, ಜೇಬಿನಲ್ಲಿ ಅದೇ ಪೆನ್ಸಿಲ್.

“ಆರಾಮ ಅದೀರೇನ್ರಿ ಅಕ್ಕಾರ? ಹೊಸ ಮಷೀನ ಸಪ್ಪಳ ಮಾಡ್ತದೇನು?”

ಇಲ್ಲ ಎಂದೆ.

“ಮಾಡ್ತದ ತಡೀರಿ, ಇನ್ನೊಂದೆರಡು ಖಂಡೇನವಮಿ ಆಗ್ಲಿ.” ನಕ್ಕರು. ನನಗೆ ಉಗುರಿನಿಂದ ಗೀರಿದಂತಾಯಿತು. ಬಸ್ಸು ಹೊರಟಿತು. ಪಾಪ, ಅರ್ಜಿ ಕಳೆದುಹೋದವೆಂದೇ ನಂಬಿದ್ದಾರೆ ಎಂದುಕೊಂಡು ಸಮಾಧಾನ ತಂದುಕೊಂಡೆ. ತವರಿನಲ್ಲಿ ಹೊಟ್ಟೆ ತುಂಬ ಉಂಡೆ.

ಆಮೇಲೆ ಒಂದು ದಿನ ಎದೆನೋವು ಬಂದು ತೀರಿಕೊಂಡರು. ಮಣ್ಣಿಗೆ ಶಾಲೆಯಿಂದ ಒಬ್ಬರೂ ಹೋಗಲಿಲ್ಲ. ಕೈಮುಗಿದ ಚಿತ್ರ ಹಾಕಿಯಾಗಿತ್ತಲ್ಲ. ಒಂದು ವಾರ ಕಳೆದ ಮೇಲೆ ನಾನು ವಲಾಂಡಿಗೆ ಹೋದೆ. ಚೀಲದಲ್ಲಿ ಆ ಮೂರು ಅರ್ಜಿಗಳಿದ್ದವು. ಹರಿದು ಹಾಕಲು ಎಷ್ಟೋ ಸಲ ಕೈ ಎತ್ತಿದ್ದೆ. ಗುಮಾಸ್ತರ ಕೈಗೆ ಕಾಗದ ಬಚ್ಚಿಡಲು ಬರುತ್ತದೆ, ಹರಿಯಲು ಬರುವುದಿಲ್ಲ. ಮನೆಯಲ್ಲಿ ಟ್ರಂಕಿನೊಳಗೆ ಸೀರೆಗಳ ಕೆಳಗಿಟ್ಟಿದ್ದೆ.

ಅವರ ಹೆಂಡತಿ ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ನಾನು ಹೆಸರು ಹೇಳಿಕೊಂಡೆ. ಮೊರ ಕೆಳಗಿಟ್ಟು ನನ್ನ ಮುಖ ನೋಡಿದರು.

“ಅಕ್ಕಾರ ಅಂದ್ರ ನೀವೇನ್ರಿ?”

ಹೌದೆಂದೆ. ನೀರು ಕೊಟ್ಟರು. ಕೂಡ್ರಿ ಎಂದರು. ಮೊಬೈಲಿನ ಆ ಫೋಟೋ ಅವರಿಗೂ ಯಾರೋ ತೋರಿಸಿದ್ದರು.

“ಮಾಸ್ತರ ಅಂತ ಬರದಾರಂತಲ್ಲ. ಇದ್ದಾಗ ಯಾಕ ಬರೀಲಿಲ್ರಿ? ಮಗಳ ಫಾರ್ಮಿನಾಗ ಆ ಜಾಗಾ ಕಡೀತನಾ ಖಾಲಿ ಉಳೀತು.”

ನಾನು ಚೀಲದಿಂದ ಅರ್ಜಿಗಳನ್ನು ತೆಗೆದು ಅವರ ಮುಂದಿಟ್ಟೆ. ಅವರು ಕಾಗದ ಮುಟ್ಟಲಿಲ್ಲ.

“ಇವು ನಿಮ್ಮ ಕಪಾಟಿನಾಗ ಇದ್ದಿದ್ದು ಅವ್ರಿಗಿ ಗೊತ್ತಿತ್ತು.”

“ಹ್ಯಾಂಗ?”

“ಫೈಲಿನ ಕೆಳಗ ಇಡೋದು ಕಿಡಕ್ಯಾಗಿಂದ ನೋಡಿದ್ರಂತ. ಎಲ್ಲಾರ ಮುಂದ ಹೇಳ್ಬೇಕಿಲ್ಲೇನು, ಕಪಾಟ ತೆಗೀರಿ ಅನ್ಬೇಕಿಲ್ಲೇನು ಅಂತ ನಾ ಬಡಕೊಂಡೆ. ಆಕಿಗೂ ಮಕ್ಕಳವ, ಆಕಿ ನೌಕರಿ ಹೋಗ್ತದ, ಇಬ್ರೂದು ಯಾಕ ಹೋಗ್ಬೇಕು ಅಂದ್ರು.” ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. “ಅವ್ರು ಬಿಟ್ರು. ನಾ ಬಿಟ್ಟಿಲ್ಲ.”

ನಾನು ಅತ್ತೆ. ಅವರು ಅಳಲಿಲ್ಲ, ಸುಮ್ಮನಿರಿ ಎಂದೂ ಅನ್ನಲಿಲ್ಲ. ಬೇಳೆಯಲ್ಲಿ ಕಲ್ಲು ಆರಿಸುತ್ತ, ಅಳು ನಿಲ್ಲುವವರೆಗೆ ಕಾದು, ಒಂದೇ ಮಾತು ಕೇಳಿದರು. “ಆ ಮೊಬೈಲಿನಾಗ ಎಲ್ಲಾರು ಕೈ ಮುಗದೀರಲ್ಲ, ಅದ್ರಾಗೇ ಇವು ಹಾಕ್ರಿ. ಎಲ್ಲಾರು ಓದ್ಲಿ.”

ಹಾಕುತ್ತೇನೆ ಎಂದು ಮಾತು ಕೊಟ್ಟು ಬಂದೆ. ಅಂದೇ ಹಾಕಲಿಲ್ಲ. ನನ್ನ ನಿವೃತ್ತಿ ಹತ್ತಿರವಿತ್ತು, ಪೆನ್ಶನ್ನಿನ ಕಾಗದಗಳು ಹೆಡ್ ಸರ್ ಸಹಿಯಾಗಿ ಮೇಲಿನ ಕಚೇರಿಗೆ ಹೋಗಬೇಕಿತ್ತು. ಹೋದವು. ಮಂಜೂರಾಗಿ ಬಂದವು. ಬಂದ ಮರುದಿನ, ಹೌದು, ಮರುದಿನ, ಮೂರೂ ಅರ್ಜಿಗಳ ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಕೆಳಗೆ ಬರೆದೆ: ಈ ಮೂರೂ ನನ್ನ ಕೈಗೆ ಬಂದಿದ್ದವು, ಹೆಡ್ ಸರ್ ಹೇಳಿದ್ದಕ್ಕೆ ನಂಬರು ಕೊಡದೆ ಮುಚ್ಚಿಟ್ಟವಳು ನಾನು, ಕುಂಕುಮ ಹಾಕಿದವಳೂ ಕಡ್ಡಿ ಸಿಗಿಸಿದವಳೂ ನಾನೇ. ಇದನ್ನು ಧೈರ್ಯವೆಂದು ಯಾರೂ ಅನ್ನಬೇಡಿ. ಕಳೆದುಕೊಳ್ಳುವುದು ಏನೂ ಉಳಿಯದ ಮೇಲೆ ಬಂದ ಬುದ್ಧಿ ಅದು.

ಎಲ್ಲರೂ ನೋಡಿದರು, ನೋಡಿದ ಗುರುತು ಬಿತ್ತು. ಈ ಸಲ ಯಾರೂ ಕೈ ಮುಗಿಯಲಿಲ್ಲ. ಒಬ್ಬರೂ ಒಂದು ಅಕ್ಷರ ಬರೆಯಲಿಲ್ಲ. ಸಂಜೆಯೊಳಗೆ ಹೆಡ್ ಸರ್ ನನ್ನನ್ನು ಗ್ರೂಪಿನಿಂದ ತೆಗೆದರು.

ವಲಾಂಡಿಗೆ ಫೋನು ಹಚ್ಚಿ, ಹಾಕೀನ್ರಿ ಎಂದೆ. ಹೊಗಳಿಕೆಗೆ ಕಾದಿದ್ದೆನೇನೋ, ಈಗ ಹೇಳಲು ನಾಚಿಕೆಯಾಗುತ್ತದೆ.

“ಆತು” ಎಂದರು. ಆಮೇಲೆ, “ಇದ್ದಾಗ ಹಾಕಿದ್ರ ಅವ್ರು ನೋಡ್ತಿದ್ರು” ಎಂದು ಫೋನು ಇಟ್ಟರು.